ಅರವತ್ತೇಳರ ಗೋಜಲು

147573952589676412927. ಅರವತ್ತೇಳು ಎರಡುಗಳನ್ನು ಸಾಲಾಗಿ ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಈ 21 ಅಂಕಿಗಳ ಸಂಖ್ಯೆ ಸಿಗುತ್ತದೆ. ಇದು ಅವಿಭಾಜ್ಯ (1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ) ಅಂದವರಿದ್ದರು, ಅಲ್ಲ ಅಂದವರೂ ಇದ್ದರು. ಅಲ್ಲ ಅಂತ ಮೊದಲು ತೋರಿಸಿದವರು ಯಾರು ಅನ್ನೋದರಲ್ಲಿ ಕೆಲವರಿಗೆ ಈಗಲೂ ಗೊಂದಲ.

1644ರಲ್ಲಿ ಫ್ರಾನ್ಸಿನ ಸನ್ಯಾಸಿ ಮರೆನ್ ಮರ್ಸೆನ್ ಒಂದು ಪಟ್ಟಿ ಅಚ್ಚು ಹಾಕಿಸಿದರು. 2ರ ಘಾತದಿಂದ 1 ಕಳೆದಾಗ, 257ನೇ ಘಾತದವರೆಗೆ ಅವಿಭಾಜ್ಯ ಸಿಗುವುದು ಹನ್ನೊಂದೇ ಕಡೆ ಅಂತ. ಅದರಲ್ಲಿ 67 ಕೂಡ ಇತ್ತು. 61 ಅಂತ ಇದ್ದದ್ದು ಅಚ್ಚಿನಲ್ಲಿ 67 ಆಯಿತು ಅಂತ ಕೆಲವರು ಸಮಜಾಯಿಷಿ ಕೊಡುತ್ತಾರೆ. ಇರಬಹುದು. ಆದರೆ 89 ಮತ್ತು 107 ಬಿಟ್ಟುಹೋಗಿದ್ದವು, 257 ಸುಮ್ನೆ ಒಳಗೆ ಸೇರಿಕೊಂಡಿತ್ತು. ಎಲ್ಲವನ್ನೂ ಅಚ್ಚುಮೊಳೆಯ ತಲೆಗೆ ಕಟ್ಟೋಕಾಗಲ್ಲ, ಅಲ್ವಾ?

1772ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ 31ನೇ ಘಾತದ್ದು ಸರಿ ಅಂತ ತೋರಿಸಿದರು. 67ರ ಹತ್ತಿರ ಉತ್ತರ ಬರಲು ಇನ್ನೂ ನೂರು ವರ್ಷ ಬೇಕಾಯಿತು.

1876ರಲ್ಲಿ ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲೂಕಾ ಅದು ಅವಿಭಾಜ್ಯ ಅಲ್ಲ ಅಂತ ಸಾಧಿಸಿದರು. ತಮಾಷೆ ಏನೆಂದರೆ ಒಂದೇ ಒಂದು ಅಪವರ್ತನವೂ ಅವರ ಕೈಗೆ ಸಿಕ್ಕಿರಲಿಲ್ಲ. ಅವರ ಪರೀಕ್ಷೆಯ ಈಗಿನ ರೂಪವನ್ನು 31ರ ಮೇಲೆ ಮಾಡಿ ನೋಡಿ. 4ರ ವರ್ಗದಲ್ಲಿ 2 ಕಳೆದರೆ 14. ಮತ್ತೆ ಹಾಗೇ ಮಾಡಿದರೆ 194, ಅದನ್ನು 31ರಿಂದ ಭಾಗಿಸಿದರೆ ಶೇಷ 8. ಇನ್ನೊಮ್ಮೆ ಮಾಡಿದರೆ 62, ಶೇಷ ಸೊನ್ನೆ. 31 ಅಂದರೆ 2ರ 5ನೇ ಘಾತ ಕಳೆ 1, ಅದಕ್ಕೇ ಮೂರು ಸುತ್ತು ಸಾಕು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 67ನೇ ಘಾತಕ್ಕೆ 65 ಸುತ್ತು. ಒಡೆಯುತ್ತದೆ ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗಲ್ಲ.

ಎಲ್ಲಿ ಅನ್ನೋದನ್ನು ತೋರಿಸಿದವರು ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್. 1903ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ. ಒಂದು ಮಾತೂ ಆಡದೆ ಬೋರ್ಡಿನ ಮೇಲೆ ಎರಡು ಸಂಖ್ಯೆ ಗುಣಿಸಿ ಕೂತುಬಿಟ್ಟರು, ಇದಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದವು ಅನ್ನೋ ಕತೆ ಚಾಲ್ತಿಯಲ್ಲಿದೆ. ಕತೆಗೆ ಉಪ್ಪುಖಾರ ಸ್ವಲ್ಪ ಜಾಸ್ತಿ ಬಿದ್ದಿರಬಹುದು. ಲೆಕ್ಕಕ್ಕೆ ಬಿದ್ದಿಲ್ಲ:

193707721 × 761838257287.

ಕೊನೆಯ ಮೂರಂಕಿ ಮಾತ್ರ ತಾಳೆ ನೋಡಿ. 721 × 287 = 206927. ಮೇಲಿನ ಸಂಖ್ಯೆಯ ಬಾಲದಲ್ಲೂ 927 ಇದೆ. ಇದರ ಯಾವ ಅಪವರ್ತನವಾದರೂ 134ರ ಗುಣಕಕ್ಕಿಂತ ಒಂದು ಜಾಸ್ತಿಯೇ ಇರಬೇಕು ಅನ್ನೋ ನಿಯಮ ಇದೆ. ಆದರೂ 134ರ ಹೆಜ್ಜೆ ಹಾಕುತ್ತಾ ಹೋದರೆ ಚಿಕ್ಕ ಅಪವರ್ತನ ಸಿಗೋದು 14,45,580ನೇ ಹೆಜ್ಜೆಯಲ್ಲಿ. ಕೋಲ್ ಹೀಗೆ ಒಂದೊಂದೇ ಭಾಗಿಸುತ್ತಾ ಕೂರಲಿಲ್ಲ. ವರ್ಗ ಸಂಖ್ಯೆಗಳನ್ನು ಭಾಗಿಸಿದಾಗ ಉಳಿಯುವ ಶೇಷ ಹಿಡಿದು, ಅಪವರ್ತನ ಆಗಲಾರದ ಹೆಚ್ಚಿನ ಸಂಖ್ಯೆಗಳನ್ನು ಜರಡಿಯಲ್ಲೇ ಬಿಟ್ಟರು.

ಮರ್ಸೆನ್ ಪಟ್ಟಿ ಪೂರ್ತಿ ಸರಿಯಾದದ್ದು 1947ರಲ್ಲಿ. ಈಗ ಕಂಪ್ಯೂಟರ್ ಕೋಲ್ ಅವರ ಸಂಖ್ಯೆಯನ್ನು ಕಣ್ಣು ಮಿಟುಕಿಸುವುದರೊಳಗೆ ಒಡೆಯುತ್ತದೆ. 2ರ 1277ನೇ ಘಾತ ಕಳೆ 1 ಅನ್ನೋ 385 ಅಂಕಿಗಳ ಸಂಖ್ಯೆ ಮಾತ್ರ ಬಗ್ಗಿಲ್ಲ. ಅದು ಅವಿಭಾಜ್ಯ ಅಲ್ಲ ಅಂತ ಸಾಬೀತಾಗಿದೆ. ಒಂದು ಅಪವರ್ತನವೂ ಇನ್ನೂ ಸಿಕ್ಕಿಲ್ಲ.