ಒಪ್ಪದ ಬ್ರಾಡ್‌ಬ್ಯಾಂಡ್ ಒಪ್ಪಂದಕ್ಕೆ ರದ್ದತಿ ಅರ್ಜಿ ಬೇಡ

ಕೇಳಿಯೇ ಇರದ ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಬಿಲ್ಲು ಬಂದಾಗ ಹೆಚ್ಚಿನವರು ಮೊದಲು ಸಹಾಯವಾಣಿಗೆ ಕರೆ ಮಾಡಿ, ‘ಇದನ್ನು ರದ್ದು ಮಾಡಿ’ ಎನ್ನುತ್ತಾರೆ. ತೊಡಕು ಶುರುವಾಗುವುದೇ ಅಲ್ಲಿಂದ. ರದ್ದು ಮಾಡಬೇಕಾದರೆ ಒಪ್ಪಂದವೊಂದು ಇರಬೇಕಲ್ಲವೆ? ಗ್ರಾಹಕರೇ ಅವಧಿಗೆ ಮುನ್ನ ಸೇವೆ ತೊರೆದರೆಂದು ಕಂಪನಿ ಆ ಕೋರಿಕೆಯನ್ನು ದಾಖಲಿಸಿಕೊಂಡರೆ, ಬಾಕಿಯ ಜೊತೆಗೆ ಉಪಕರಣದ ಶುಲ್ಕವೂ ತಲೆಗೆ ಬರಬಹುದು. ಆದ್ದರಿಂದ ಒಪ್ಪಂದ ಹುಟ್ಟಿಯೇ ಇಲ್ಲವೆಂದು ಲಿಖಿತವಾಗಿ ತಿಳಿಸಿ, ಹುಟ್ಟಿದೆ ಎನ್ನುವವರೇ ಅದನ್ನು ರುಜುವಾತುಪಡಿಸಲಿ ಎಂದು ಕೇಳಬೇಕು.

1872ರ ಭಾರತೀಯ ಕರಾರು ಕಾಯ್ದೆಯ 13ನೇ ಕಲಮಿನ ಪ್ರಕಾರ, ಎರಡೂ ಕಡೆಯವರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ‘ಉತ್ತರ ಬಾರದಿದ್ದರೆ ಕುದುರೆ ನನ್ನದೆಂದು ಭಾವಿಸುತ್ತೇನೆ’ ಎಂದು ಸೋದರಳಿಯನಿಗೆ ಬರೆದಿದ್ದ ವ್ಯಕ್ತಿಗೆ ಕುದುರೆಯ ಮೇಲೆ ಹಕ್ಕಿಲ್ಲವೆಂದು ಇಂಗ್ಲೆಂಡಿನ ನ್ಯಾಯಾಲಯ 1862ರ ಫೆಲ್ಟ್‌ಹೌಸ್ ವಿರುದ್ಧ ಬಿಂಡ್ಲಿ ಪ್ರಕರಣದಲ್ಲಿ ಹೇಳಿತ್ತು. ಮೌನವನ್ನು ಒಪ್ಪಿಗೆಯೆಂದು ಹೇರುವಂತಿಲ್ಲ ಎಂಬುದಕ್ಕೆ ಇಂದಿಗೂ ಅದನ್ನೇ ಉದಾಹರಿಸುತ್ತಾರೆ. ಆದರೆ ಅದೇ ಕಾಯ್ದೆಯ 8ನೇ ಕಲಮನ್ನು ಮರೆಯಬಾರದು. ಪ್ರಸ್ತಾವದೊಂದಿಗೆ ನೀಡಿದ ಪ್ರತಿಫಲವನ್ನು, ಅಂದರೆ ಅದರ ಜೊತೆ ಬಂದ ವಸ್ತು ಅಥವಾ ಸೇವೆಯನ್ನು, ಸ್ವೀಕರಿಸುವುದೂ ಒಪ್ಪಿಗೆಯೇ. ಹೇಳದೆ ಕೇಳದೆ ಬಂದ ರೂಟರನ್ನು ‘ಹೇಗೂ ಬಂದಿದೆಯಲ್ಲ’ ಎಂದು ನಾಲ್ಕು ದಿನ ಬಳಸಿದರೆ ವಾದ ಅರ್ಧ ಸೋತಂತೆ. ಅದನ್ನು ಪೆಟ್ಟಿಗೆಯಲ್ಲೇ ಇಟ್ಟು ಫೋಟೊ ತೆಗೆದುಕೊಂಡು, ಬಂದು ಒಯ್ಯುವಂತೆ ಕಂಪನಿಗೆ ಬರೆಯಿರಿ.

ಪತ್ರದಲ್ಲಿ ಅರ್ಜಿ ನಮೂನೆ, ಗುರುತಿನ ದಾಖಲೆಯ ಪ್ರತಿ, ಕರೆಯ ಧ್ವನಿಮುದ್ರಿಕೆ, ಒಟಿಪಿ ಹೋದ ಸಂಖ್ಯೆ ಮತ್ತು ಸಮಯ, ಅಳವಡಿಕೆ ವರದಿ ಇವಿಷ್ಟನ್ನೂ ಕೇಳಬೇಕು. ಪ್ರಕರಣ ಬಿಚ್ಚಿಕೊಳ್ಳುವುದು ಸಾಮಾನ್ಯವಾಗಿ ಈ ಕಾಗದಗಳಲ್ಲಿಯೇ. ಒಮ್ಮೆ ನನ್ನ ಕಕ್ಷಿದಾರರೊಬ್ಬರ ಅಳವಡಿಕೆ ವರದಿಯ ಮೇಲೆ ದುಂಡಗಿನ ಇಂಗ್ಲಿಷ್ ಸಹಿಯಿತ್ತು; ಅವರಾದರೋ ಬ್ಯಾಂಕಿನಿಂದ ಮತದಾರರ ಪಟ್ಟಿಯವರೆಗೆ ಎಲ್ಲೆಡೆ ಕನ್ನಡದಲ್ಲೇ ಸಹಿ ಮಾಡುವವರು. ಎರಡು ಸಹಿಗಳನ್ನು ಅಕ್ಕಪಕ್ಕ ಇಟ್ಟ ಮೇಲೆ ಕಂಪನಿಯ ವಕೀಲರು ಹೆಚ್ಚು ಮಾತನಾಡಲಿಲ್ಲ. ಒಟಿಪಿಯ ವಿಷಯ ಇದಕ್ಕಿಂತ ಜಟಿಲ. ‘ನಿಮ್ಮ ಬೀದಿಯಲ್ಲಿ ಸೌಲಭ್ಯ ಇದೆಯೇ ಎಂದು ನೋಡಲು’ ಎನ್ನುತ್ತಾ ಪ್ರತಿನಿಧಿ ಪಡೆದ ಸಂಖ್ಯೆಯೇ ಕಂಪನಿಯ ಪಾಲಿಗೆ ಸಮ್ಮತಿಯ ಪುರಾವೆಯಾಗುತ್ತದೆ. ಆ ಸಂದೇಶದಲ್ಲಿ ಏನು ಬರೆದಿತ್ತೆಂಬುದೇ ಇಲ್ಲಿ ನಿರ್ಣಾಯಕ, ಅದನ್ನು ಅಳಿಸದಿರಿ.

ಕಂಪನಿಗೆ ದೂರು ಕೊಟ್ಟಾಗ ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ, ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳಂತೆ, ಸಮಾಧಾನವಾಗದಿದ್ದರೆ 30 ದಿನಗಳೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅಲ್ಲಿ 39 ದಿನಗಳೊಳಗೆ ತೀರ್ಮಾನ ಬರಬೇಕು. ಟ್ರಾಯ್ ವೈಯಕ್ತಿಕ ದೂರುಗಳನ್ನು ತಾನೇ ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಸಂಪರ್ಕ ವಿವಾದಗಳನ್ನು ಗ್ರಾಹಕ ಆಯೋಗ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲಿಯೇ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಸಹಿ ಅಥವಾ ಗುರುತಿನ ದಾಖಲೆ ದುರುಪಯೋಗವಾಗಿದ್ದರೆ ಪೊಲೀಸರಿಗೂ ಲಿಖಿತ ದೂರು ಕೊಡಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮು ಇರುವುದು ಇಂಥ ಗುರುತು ಕಳವಿಗಾಗಿಯೇ.

ಹಣ ತಾನಾಗಿ ಕಡಿತವಾಗುತ್ತಿದ್ದರೆ ಬ್ಯಾಂಕಿನಲ್ಲಿ ಆ ಮ್ಯಾಂಡೇಟನ್ನು, ಅಂದರೆ ಸ್ವಯಂ ಕಡಿತದ ಅನುಮತಿಯನ್ನು, ಕೂಡಲೇ ನಿಲ್ಲಿಸಿ, ಆದರೆ ಅದರಿಂದ ವಿವಾದ ಮುಗಿಯಿತೆಂದುಕೊಳ್ಳಬೇಡಿ. ಪಾವತಿಯಾಗದ ಬಿಲ್ಲು ನಿಮ್ಮ ಸಾಲ-ಬಾಕಿಗಳ ಇತಿಹಾಸವಾದ ಕ್ರೆಡಿಟ್ ವರದಿಯಲ್ಲಿ ಕಾಣಿಸಿಕೊಂಡು, ಮುಂದೆ ಮನೆ ಸಾಲ ಕೇಳಿದಾಗ ಎದುರಾಗಬಹುದು.

ಒತ್ತಡ ಹೆಚ್ಚಾದಾಗ ಕಂಪನಿ ‘ಸದ್ಭಾವನೆಯಿಂದ’ ಬಾಕಿ ಮನ್ನಾ ಮಾಡಲು ಮುಂದೆ ಬರುತ್ತದೆ. ಕೇಳಲು ಹಿತವೇನೋ ಹೌದು. ಆದರೆ ಮನ್ನಾ ಎಂದರೆ ಸಾಲ ಇತ್ತು ಎಂದೇ ಅರ್ಥ. ಸಂಪರ್ಕವನ್ನು ಗ್ರಾಹಕರ ಸಮ್ಮತಿಯಿಲ್ಲದೆ ನಮೂದಿಸಲಾಗಿತ್ತು, ಖಾತೆ ಆರಂಭದಿಂದಲೇ ಅಸಿಂಧು, ಕ್ರೆಡಿಟ್ ಸಂಸ್ಥೆಗಳಿಗೆ ಕಳುಹಿಸಿದ ಮಾಹಿತಿಯನ್ನು ಹಿಂಪಡೆಯಲಾಗಿದೆ ಎಂಬ ಮೂರೂ ಸಾಲುಗಳು ಕಂಪನಿಯ ಪತ್ರದಲ್ಲಿ ಬರುವವರೆಗೆ ನನ್ನ ಕಕ್ಷಿದಾರರಿಗೆ ರಾಜಿಗೆ ಸಹಿ ಮಾಡಲು ನಾನು ಹೇಳುವುದಿಲ್ಲ.