ಗಿನಿಗೆ ಕೊಂಡ ದೈತ್ಯವೃಕ್ಷ

1853ರ ಡಿಸೆಂಬರಿನಲ್ಲಿ ವಿಲಿಯಂ ಲಾಬ್ ಇಂಗ್ಲೆಂಡಿಗೆ ಮರಳಿದಾಗ, ಅವನ ಬಳಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ದೈತ್ಯ ಸೆಕ್ವೋಯಾ ಎಂಬ ಮರದ ಬೀಜಗಳೂ ಸಸಿಗಳೂ ಇದ್ದವು. ಲಾಬ್ ಎಕ್ಸೆಟರಿನ ವೀಚ್ ನರ್ಸರಿಯ ಸಂಬಳಕ್ಕಿದ್ದ ಸಸ್ಯಸಂಗ್ರಾಹಕ. ಅದುವರೆಗೆ ಇಂಗ್ಲೆಂಡಿನಲ್ಲಿ ಬಲು ಅಪರೂಪವಾಗಿದ್ದ ಚಿಲಿಯ ಅರೌಕೇರಿಯಾ, ಅಂದರೆ ‘ಮಂಕಿ ಪಜಲ್’ ಮರದ ಬೀಜಗಳನ್ನು 1840ರ ದಶಕದಲ್ಲಿ ಸಾವಿರಗಟ್ಟಲೆ ಸಂಗ್ರಹಿಸಿ, ಅದು ಊರೂರಿನ ಮನೆಯಂಗಳಕ್ಕೆ ಇಳಿಯುವಂತೆ ಮಾಡಿದವನೂ ಅವನೇ. (ಲಾಲ್‌ಬಾಗಿನ ಅರೌಕೇರಿಯಾಗಳು ಇದೇ ಕುಲದವು.)

ಲಾಬ್ ಬಂದಿಳಿದ ತಿಂಗಳಲ್ಲೇ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ ಹೊಸ ಮರಕ್ಕೆ, ನೆಪೋಲಿಯನ್ನನನ್ನು ಸೋಲಿಸಿದ ಬ್ರಿಟಿಷ್ ವೀರ, ಹಿಂದಿನ ವರ್ಷ ತೀರಿಕೊಂಡಿದ್ದ ವೆಲ್ಲಿಂಗ್ಟನ್ ಡ್ಯೂಕನ ನೆನಪಿಗೆ ‘ವೆಲ್ಲಿಂಗ್ಟೋನಿಯಾ’ ಎಂದು ಹೆಸರಿಟ್ಟನು. ಅಮೆರಿಕನ್ನರಿಗೆ ಇದು ಹಿಡಿಸಲಿಲ್ಲ; ಆದರೆ ವ್ಯಾಪಾರಕ್ಕೆ ಇದಕ್ಕಿಂತ ಒದಗಿಬರುವ ಹೆಸರು ಇರಲಾರದು. 1854ರಲ್ಲಿ ವೀಚ್ ನರ್ಸರಿ ಸಸಿಯೊಂದಕ್ಕೆ ಎರಡು ಗಿನಿಯಂತೆ (ಗಿನಿ ಎಂದರೆ ಪೌಂಡಿಗಿಂತ ತುಸು ಹೆಚ್ಚಿನ ಬ್ರಿಟಿಷ್ ಹಣದ ಲೆಕ್ಕ) ಮಾರಿತು. ಕೂಲಿಯವನಿಗೆ ಅದು ಹಲವು ವಾರಗಳ ದುಡಿಮೆ. ಜಮೀನ್ದಾರರಿಗೋ ನೆರೆಯವರ ಮುಂದೆ ಮೆರೆಯಲು ಸಿಕ್ಕ ಅಗ್ಗದ ದಾರಿ. ಬರ್ಕ್‌ಷೈರಿನ ಫಿಂಚಾಂಪ್‌ಸ್ಟೆಡ್‌ನಲ್ಲಿ ಪತ್ರಿಕೋದ್ಯಮಿ ಜಾನ್ ವಾಲ್ಟರ್ 1860ರ ದಶಕದಲ್ಲಿ ನೆಡಿಸಿದ ಸಾಲುಮರಗಳು ಇಂದಿಗೂ ಇವೆ. ತವರಿನಲ್ಲಿ ಎಂಬತ್ತು ಮೀಟರು ದಾಟುವ ಮರವನ್ನು ಕೊಂಡವರಲ್ಲಿ ಹೆಚ್ಚಿನವರು ಕಂಡಿದ್ದು ಕೈಯೆತ್ತರದ ಸಸಿಯನ್ನು ಮಾತ್ರ.

ಈ ಗೀಳಿಗೆ ಮರದ ಸ್ವಭಾವವೂ ನೆರವಾಯಿತು. ಬೀಜ ಕೆಲವೇ ಮಿಲಿಮೀಟರು ಉದ್ದದ, ಗರಿಯಂತೆ ಹಗುರವಾದ ತೆಳು ಚೂರು; ಕಾಯಿ ಬಲಿತ ಮೇಲೂ ವರ್ಷಗಟ್ಟಲೆ ಬಿರಿಯದೆ ಬೀಜವನ್ನು ಒಳಗೇ ಜೀವಂತವಾಗಿ ಕಾಪಿಡುತ್ತದೆ. ಹೀಗಾಗಿ ತಿಂಗಳುಗಟ್ಟಲೆಯ ಹಡಗಿನ ಪಯಣವನ್ನು ಅದು ಸುಲಭವಾಗಿ ತಾಳಿಕೊಂಡಿತು. ಅಟ್ಲಾಂಟಿಕ್ ಕಡಲಿನಿಂದ ಬೀಸುವ ತೇವದ ಗಾಳಿಯೂ ಹದವಾದ ಚಳಿಗಾಲವೂ ಸಸಿಗಳಿಗೆ ಒಗ್ಗಿದವು. ಬ್ರಿಟನ್ನಿನಲ್ಲಿ ಈಗ ಐವತ್ತು ಮೀಟರು ಮೀರಿದ ಮರಗಳಿವೆ. ಸುತ್ತಲಿನ ಎಲ್ಲಕ್ಕಿಂತ ಎತ್ತರವಾದ್ದರಿಂದ ಎಷ್ಟೋ ಮರಗಳ ತುದಿ ಸಿಡಿಲಿಗೆ ಸಿಕ್ಕಿ ಮುರಿದಿರುತ್ತದೆ. ಅವುಗಳ ತೊಗಟೆ ಗುದ್ದಿದರೂ ಕೈ ನೋಯದಷ್ಟು ಮೆತ್ತಗಿರುತ್ತದೆ. ಕಾಂಡವನ್ನೇರಿ ಹುಳ ಹೆಕ್ಕುವ ಟ್ರೀಕ್ರೀಪರ್ ಎಂಬ ಪುಟ್ಟ ಹಕ್ಕಿ, ಅದರಲ್ಲಿ ತನ್ನ ಮೈಯಳತೆಯ ಗುಳಿ ಕೊರೆದುಕೊಂಡು ಚಳಿಗಾಲದ ರಾತ್ರಿ ಕಳೆಯುತ್ತದೆ.

ಅದೇ ದಪ್ಪ ತೊಗಟೆ ತವರಿನಲ್ಲಿ ಕಾಡ್ಗಿಚ್ಚಿನಿಂದ ಮರವನ್ನು ಕಾಯುತ್ತದೆ. ಬಿಸಿಗೆ ಕಾಯಿಗಳು ಬಿರಿದು, ಬೆಂಕಿ ಬರಿದಾಗಿಸಿದ ಬೂದಿಮಣ್ಣಿಗೆ ಬೀಜ ಉದುರಿ ಮೊಳೆಯುತ್ತವೆ. ಇಂಗ್ಲೆಂಡಿನ ಹಸಿಹುಲ್ಲಿನ ಉದ್ಯಾನಗಳಲ್ಲಿ ಅಂಥ ಬೆಂಕಿಯಿಲ್ಲ. ಆದ್ದರಿಂದ ಹಳೆಯ ಮರಗಳ ಬುಡದಲ್ಲಿ ತಾನಾಗಿ ಹುಟ್ಟಿದ ಸಸಿ ಕಾಣಸಿಗುವುದು ಬಹಳ ಅಪರೂಪ.