ಹೊಸ ಡೆಸ್ಕ್‌ಟಾಪ್ ಈಗಲೇ ಜೋಡಿಸಲೇ, ಇನ್ನೂ ಸ್ವಲ್ಪ ಕಾಯಲೇ?

ಪ್ರಶ್ನೆ: ನನ್ನ ಹಳೆಯ ಡೆಸ್ಕ್‌ಟಾಪ್ ತುಂಬಾ ನಿಧಾನವಾಗಿದೆ. ಬಿಡಿಭಾಗಗಳನ್ನು ತಂದು ನಾನೇ ಹೊಸದನ್ನು ಅಸೆಂಬಲ್ ಮಾಡಬೇಕೆಂದಿದ್ದೇನೆ. ಆದರೆ ಯಾರನ್ನು ಕೇಳಿದರೂ ‘ಆರು ತಿಂಗಳು ತಡೀರಿ, ಹೊಸ ಪ್ರೊಸೆಸರ್ ಬರುತ್ತೆ’ ಅನ್ನುತ್ತಾರೆ. ಈಗ ಕೊಳ್ಳಲೇ, ಕಾಯಲೇ? ಯಾವ ಭಾಗಕ್ಕೆ ಹೆಚ್ಚು ಖರ್ಚು ಮಾಡಲಿ?

ಉತ್ತರ: ಆರು ತಿಂಗಳು ತಡೆದು ಮತ್ತೆ ಅವರನ್ನೇ ಕೇಳಿ ನೋಡಿ, ಇನ್ನಾರು ತಿಂಗಳು ತಡೀರಿ ಅಂತಲೇ ಹೇಳುತ್ತಾರೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ ವೇಗದ ಡ್ರೈವ್), ಇವುಗಳಲ್ಲಿ ಒಂದಲ್ಲ ಒಂದರ ಹೊಸ ಪೀಳಿಗೆ ಸದಾ ಬಾಗಿಲಲ್ಲೇ ನಿಂತಿರುತ್ತದೆ. ನನ್ನ ಪ್ರಕಾರ ಕಾಯುವುದಕ್ಕೆ ಅರ್ಥವಿರುವುದು ಎರಡೇ ಸಂದರ್ಭಗಳಲ್ಲಿ. ಒಂದು, ನಿಮಗೆ ಬೇಕಾದ ಭಾಗದ ಬಿಡುಗಡೆಯ ದಿನಾಂಕವನ್ನು ಕಂಪನಿಯೇ ಪ್ರಕಟಿಸಿದ್ದು, ಅದು ಕೆಲವೇ ವಾರಗಳಲ್ಲಿದ್ದರೆ. ಇನ್ನೊಂದು, ಯಾವುದಾದರೂ ಭಾಗದ ಬೆಲೆ ವಿಪರೀತ ಏರಿ ಕೂತಿದ್ದರೆ. 2021ರಲ್ಲಿ ಡಿಜಿಟಲ್ ಹಣ ಗಳಿಸಲು ಕ್ರಿಪ್ಟೋ ಮೈನಿಂಗ್ ಮಾಡುವವರು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಬಾಚಿಕೊಂಡಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಎಂಬ ಕ್ರಿಪ್ಟೋ ಕರೆನ್ಸಿ ಮೈನಿಂಗ್ ಬೇಡದ ವಿಧಾನಕ್ಕೆ ಬದಲಾದ ಮೇಲೆ ಆ ಬೇಡಿಕೆಯೇ ಕುಸಿಯಿತು. 2025ರ ಕೊನೆಗೆ ರ‍್ಯಾಮ್‌ನ ಸರದಿ ಬಂತು. ಮೆಮೊರಿ ಚಿಪ್ ತಯಾರಕರು ಎಐ ಡೇಟಾ ಸೆಂಟರ್‌ಗಳತ್ತ ವಾಲಿದರು, ಸಾಮಾನ್ಯ ಗ್ರಾಹಕರ ಪಾಲಿಗೆ ಬೆಲೆ ಗಗನಕ್ಕೇರಿತು. ಇಂಥ ಹೊತ್ತಿನಲ್ಲೂ ಇಡೀ ಯಂತ್ರವನ್ನು ಮುಂದೂಡಬೇಕಿಲ್ಲ. ದುಬಾರಿಯಾದ ಆ ಒಂದು ಭಾಗವನ್ನು ಸದ್ಯಕ್ಕೆ ಕಡಿಮೆಯಲ್ಲಿ ಮುಗಿಸಿ ಆಮೇಲೆ ಬದಲಿಸಬಹುದು.

ಅದಕ್ಕೂ ಮೊದಲು, ಈಗಿನ ಯಂತ್ರ ಯಾಕೆ ನಿಧಾನವಾಗಿದೆ ಎಂದು ನೋಡಿದಿರಾ? ಎಂದಿನ ಕೆಲಸ ಮಾಡುತ್ತಲೇ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಡಿಸ್ಕ್ ಪದೇ ಪದೇ ನೂರು ಶೇಕಡಾ ಮುಟ್ಟುತ್ತಿದ್ದು, ಒಳಗಿರುವುದು ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ, ಒಂದು ಸಾಟಾ (ಹಾರ್ಡ್ ಡಿಸ್ಕ್‌ನ ಕೇಬಲ್‌ಗೇ ಕೂರುವ) ಎಸ್‌ಎಸ್‌ಡಿ ಹಾಕಿದರೆ ಅದೇ ಕಂಪ್ಯೂಟರ್ ಗುರುತು ಸಿಗದಷ್ಟು ಚುರುಕಾಗುತ್ತದೆ. ಮೆಮೊರಿ ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಸೇರಿಸಿದರೆ ಸಾಕು. ಪ್ರೊಸೆಸರೇ ಸುಸ್ತಾಗಿದ್ದರೆ ಮಾತ್ರ ಹೊಸದರ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದೂ ಒಂದು ನಿಜವಾದ ಕಾರಣವೇ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ, ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಗಿಂತ ಹಳೆಯ ಬಹುತೇಕ ಪ್ರೊಸೆಸರ್‌ಗಳನ್ನು ಅದು ಒಪ್ಪುವುದಿಲ್ಲ. ಲಿನಕ್ಸ್‌ಗೆ ಆ ತಕರಾರಿಲ್ಲ.

ಸರಿ, ಹೊಸದೇ ಬೇಕು ಅಂತಾಯಿತು. ಈಗ ತಲೆ ಕೆಡಿಸಿಕೊಳ್ಳಬೇಕಾದದ್ದು ಪ್ರೊಸೆಸರ್ ಮಾದರಿಯ ಬಗ್ಗೆ ಅಲ್ಲ, ಅದು ಕೂರುವ ಸಾಕೆಟ್ ಬಗ್ಗೆ. ಮಿಕ್ಕೆಲ್ಲವನ್ನೂ ಬಿಡಿಬಿಡಿಯಾಗಿ ಬದಲಿಸಬಹುದು. ಸಾಕೆಟ್ ಹಳತಾದರೆ ಮಾತ್ರ ಮದರ್‌ಬೋರ್ಡ್, ಪ್ರೊಸೆಸರ್, ಅನೇಕ ಸಲ ರ‍್ಯಾಮ್ ಸಹ ಒಟ್ಟಿಗೇ ಹೋಗುತ್ತವೆ. 2017ರಲ್ಲಿ ಮೊದಲ ರೈಜನ್ ಪ್ರೊಸೆಸರ್ ಜೊತೆ ಎಎಂಡಿಯ ಎಎಂ4 ಸಾಕೆಟ್‌ನ ಬೋರ್ಡ್ ಕೊಂಡವರಲ್ಲಿ ಅನೇಕರು ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಕೊಂಡು, 2022ರಲ್ಲಿ ಬಂದ 5800ಎಕ್ಸ್3ಡಿ ಪ್ರೊಸೆಸರನ್ನು ಅದೇ ಬೋರ್ಡ್‌ಗೆ ಹಾಕಿಕೊಂಡರು. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ 12, 13, 14ನೇ ಪೀಳಿಗೆಗಳಿಗೆ ಆಗಿ, 2024ರಲ್ಲಿ ಎಲ್‌ಜಿಎ1851ಕ್ಕೆ ಜಾಗ ಬಿಟ್ಟಿತು. 2022ರಲ್ಲಿ ಬಂದ ಎಎಂಡಿಯ ಮುಂದಿನ ಸಾಕೆಟ್ ಎಎಂ5ರಲ್ಲಿ ಡಿಡಿಆರ್5 ಪೀಳಿಗೆಯ ರ‍್ಯಾಮ್ ಮಾತ್ರ ನಡೆಯುತ್ತದೆ. ಎಲ್‌ಜಿಎ1700ರಲ್ಲಿ ಡಿಡಿಆರ್4ರ ಬೋರ್ಡೂ ಇದೆ, ಡಿಡಿಆರ್5ರದೂ ಇದೆ. ಎರಡರ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದೇ ಇಲ್ಲ. ಹಾಗಂತ ಮುಗಿಯುತ್ತಿರುವ ಸಾಕೆಟ್ ಕೊಳ್ಳಲೇಬಾರದು ಎಂದಲ್ಲ. ಆರೇಳು ವರ್ಷ ಕ್ಯಾಬಿನೆಟ್ ಬಿಚ್ಚುವುದೇ ಇಲ್ಲ ಎನ್ನುವವರಿಗೆ ಅದರಲ್ಲಿ ಒಳ್ಳೆಯ ಉಳಿತಾಯವಿದೆ. ನಡುವೆ ಪ್ರೊಸೆಸರ್ ಬದಲಿಸುವ ಸ್ವಭಾವ ನಿಮ್ಮದಾದರೆ ಮಾತ್ರ ಹೊಸ ಸಾಕೆಟ್‌ಗೆ ಹೆಚ್ಚು ಕೊಡಿ.

ಖರ್ಚಿನ ಲೆಕ್ಕವನ್ನು ಮಾನಿಟರ್‌ನಿಂದ ಶುರು ಮಾಡಿ. 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳಿದ್ದರೆ 4ಕೆ ಪರದೆಯಲ್ಲಿ 83 ಲಕ್ಷ. ಅಂದರೆ ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಪ್ರತಿ ಚಿತ್ರಕ್ಕೂ ನಾಲ್ಕು ಪಟ್ಟು ಪಿಕ್ಸೆಲ್ ಬಿಡಿಸಬೇಕು. ಗೇಮಿಂಗೇ ಉದ್ದೇಶವಾದರೆ ದುಡ್ಡಿನ ದೊಡ್ಡ ಪಾಲು ಆ ಕಾರ್ಡಿಗೇ ಹೋಗಲಿ, ಪ್ರೊಸೆಸರ್ ಮಧ್ಯಮ ದರ್ಜೆಯದಾದರೂ ನಡೆಯುತ್ತದೆ. ವಿಡಿಯೊ ಎಡಿಟಿಂಗ್, ದೊಡ್ಡ ಕೋಡ್ ಕಂಪೈಲ್ ಮಾಡುವವರಿಗೆ ಪ್ರೊಸೆಸರ್‌ನಲ್ಲಿ ಹೆಚ್ಚು ಕೋರ್‌ಗಳು ಮತ್ತು 32 ಜಿಬಿ ರ‍್ಯಾಮ್ ಮುಖ್ಯ. ಟೈಪಿಂಗ್, ಬ್ರೌಸಿಂಗ್, ಸಿನಿಮಾ ಇಷ್ಟೇ ಆದರೆ ಪ್ರತ್ಯೇಕ ಕಾರ್ಡೇ ಬೇಡ, 16 ಜಿಬಿ ಸಾಕು. ಆದರೆ ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಕಡಿಮೆ ಬೆಲೆ ನೋಡಿ ಅದನ್ನು ತಂದರೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ರ‍್ಯಾಮ್ 16 ಜಿಬಿಯ ಒಂದು ಕಡ್ಡಿಗಿಂತ 8ರ ಎರಡು ಮೇಲು. ಕಾರ್ಡ್ ಇಲ್ಲದ ಯಂತ್ರದಲ್ಲಂತೂ ಗ್ರಾಫಿಕ್ಸ್ ಸಹ ಅದೇ ರ‍್ಯಾಮ್ ಬಳಸುವುದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಲ್ಲಿ ಮಾತ್ರ ಜಿಪುಣತನ ಬೇಡ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಡಬ್ಬಿಯನ್ನು ನಾನಂತೂ ನಂಬುವುದಿಲ್ಲ. ಹಾಗೆಂದು ಸಾವಿರ ವ್ಯಾಟ್‌ನದೂ ಬೇಡ: 65 ವ್ಯಾಟ್ ದರ್ಜೆಯ ಪ್ರೊಸೆಸರ್, 115 ವ್ಯಾಟ್‌ನ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ ಒಳ್ಳೆಯ 550 ವ್ಯಾಟ್ ಧಾರಾಳ. ಅದರ ಮೇಲಿನ ‘80 ಪ್ಲಸ್’ ಮುದ್ರೆ ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ತಿಳಿಸುತ್ತದೆ, ಬಾಳಿಕೆಯನ್ನಲ್ಲ. ಬಾಳಿಕೆಗೆ ವಾರಂಟಿ ಎಷ್ಟು ವರ್ಷ ಎಂದು ನೋಡಿ. ಕೇಬಲ್ ಕಳಚುವ ಮಾದರಿಯಾದರೆ ಒಂದು ಎಸ್‌ಎಂಪಿಎಸ್‌ನ ಕೇಬಲ್ಲನ್ನು ಇನ್ನೊಂದಕ್ಕೆ ಎಂದೂ ಹಾಕಬೇಡಿ. ಪ್ಲಗ್ ಸರಿಯಾಗಿಯೇ ಕೂರುತ್ತದೆ, ಒಳಗಿನ ತಂತಿಗಳ ಕ್ರಮ ಬೇರೆಯಿರಬಹುದು, ಡ್ರೈವ್ ಸುಟ್ಟುಹೋಗಬಹುದು.

ಕ್ಯಾಬಿನೆಟ್ ನಿಮ್ಮಿಷ್ಟ, ಮುಂಭಾಗದಲ್ಲಿ ಗಾಳಿಯಾಡುವ ಜಾಲರಿ ಇರಲಿ, ಕಾರ್ಡಿನ ಉದ್ದ, ಕೂಲರ್‌ನ ಎತ್ತರ ಹಿಡಿಸುತ್ತದೆಯೇ ನೋಡಿಕೊಳ್ಳಿ.

ಒಂದೊಂದೇ ಭಾಗವನ್ನು ರಿಯಾಯಿತಿ ಸಿಕ್ಕಾಗೆಲ್ಲ ಕೊಂಡು ತಿಂಗಳುಗಟ್ಟಲೆ ಕೂಡಿಡುವವರಿದ್ದಾರೆ. ಅದು ಬೇಡ. ಎಲ್ಲ ಭಾಗಗಳೂ ಬರುವವರೆಗೆ ಯಾವುದನ್ನೂ ಪರೀಕ್ಷಿಸಲಾಗದು, ಅಷ್ಟರಲ್ಲಿ ಮೊದಲು ತಂದದ್ದನ್ನು ಹಿಂದಿರುಗಿಸುವ ಗಡುವು ಮುಗಿದಿರುತ್ತದೆ. ಸಾಧ್ಯವಾದಷ್ಟೂ ಒಂದೇ ವಾರದೊಳಗೆ ತರಿಸಿ. ಕ್ಯಾಬಿನೆಟ್‌ಗೆ ಸೇರಿಸುವ ಮೊದಲು ಮದರ್‌ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ರ‍್ಯಾಮ್ ಇಷ್ಟನ್ನೇ ಹಾಕಿ, ಎಸ್‌ಎಂಪಿಎಸ್ ಮತ್ತು ಮಾನಿಟರ್ ಜೋಡಿಸಿ ಒಮ್ಮೆ ಆನ್ ಮಾಡಿ ನೋಡಿ; ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡೂ ಬೇಕು. ಡಿಡಿಆರ್5 ಯಂತ್ರ ಮೊದಲ ಸಲ ರ‍್ಯಾಮ್‌ಗೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಪರದೆ ಕಪ್ಪಗಿದೆ ಎಂದು ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಬಯೋಸ್ ಮೂಡಿದ ಮೇಲೆ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಮೆಮೊರಿ ವೇಗದ ಸೆಟ್ಟಿಂಗ್ ಆನ್ ಮಾಡಿ, ಇಲ್ಲದಿದ್ದರೆ ರ‍್ಯಾಮ್ ಪೆಟ್ಟಿಗೆಯ ಮೇಲೆ ಬರೆದ ವೇಗಕ್ಕಿಂತ ಕಡಿಮೆಯಲ್ಲೇ ಓಡುತ್ತಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಮಾನಿಟರ್ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿಗಲ್ಲ.